ಮೀನು ಸಾಗಿಸುವ ಪಿಕಪ್‌ನ ಚಾಸಿಗೆ ತುಕ್ಕು: ಬಳಿಯುವ ಮೊದಲು ನೀರು ಎಲ್ಲಿ ನಿಲ್ಲುತ್ತದೆ ನೋಡಿ

ಪ್ರಶ್ನೆ: ಸರ್, ನನ್ನದು 2018ರ ಪಿಕಪ್, ಸೆಕೆಂಡ್ ಹ್ಯಾಂಡ್ ತಗೊಂಡಿದ್ದು. ವಾರಕ್ಕೆ ನಾಲ್ಕೈದು ಸಲ ಗಂಗೊಳ್ಳಿ, ಮಲ್ಪೆಯಿಂದ ಶಿವಮೊಗ್ಗಕ್ಕೆ ಮೀನು ಸಾಗಿಸುತ್ತೇನೆ. ಅಡಿಯಲ್ಲಿ ಚಾಸಿ ಪದರ ಪದರವಾಗಿ ಏಳುತ್ತಿದೆ. ಒಬ್ಬರು ಟಾರ್ ಕೋಟಿಂಗ್ ಮಾಡಿಸಿ ಅಂತಾರೆ, ಇನ್ನೊಬ್ಬರು ವೇಸ್ಟ್ ಆಯಿಲ್ ಹೊಡೆಸಿ ಅಂತಾರೆ. ಬೋಟಿನ ಕೆಲಸ ಮಾಡುವ ಸ್ನೇಹಿತ ಚಾಸಿಗೆ ಜಿಂಕ್ ತುಂಡು ಬೋಲ್ಟ್ ಮಾಡು ಅಂತಾನೆ. ಮಳೆಗಾಲಕ್ಕೆ ಮೊದಲು ಏನು ಮಾಡಿಸಲಿ? (ಕುಂದಾಪುರದಿಂದ ಒಬ್ಬ ಓದುಗರು)

ಉತ್ತರ: ನಿಮ್ಮ ಪ್ರಶ್ನೆ ಓದಿದ ಕೂಡಲೇ ಹೇಳಬೇಕು ಅನ್ನಿಸಿದ್ದು ಒಂದೇ. ದಯವಿಟ್ಟು ಇವತ್ತೇ ಹೋಗಿ ಏನನ್ನೂ ಬಳಿಸಿಕೊಂಡು ಬರಬೇಡಿ. ಟಾರೂ ಬೇಡ, ಆಯಿಲೂ ಬೇಡ. ಮೊದಲು ಟಾರ್ಚ್ ಹಿಡಿದು ಗಾಡಿಯ ಅಡಿಗೆ ಹೋಗಿ ಮಲಗಿ. ಮೀನಿನ ನೀರು ಎಲ್ಲಿ ಬೀಳುತ್ತಿದೆ, ಬಿದ್ದದ್ದು ಎಲ್ಲಿ ನಿಲ್ಲುತ್ತಿದೆ ಅಂತ ನೋಡಿ. ಮಾಡು ಸೋರುತ್ತಿರುವಾಗ ನೆಲ ಒರೆಸುತ್ತಾ ಕೂತರೆ ಏನು ಪ್ರಯೋಜನ ಹೇಳಿ.

ಯಾಕೆ ಇಷ್ಟು ಒತ್ತಿ ಹೇಳುತ್ತೇನೆ ಅಂದರೆ, ಕೆಲವು ವರ್ಷಗಳ ಹಿಂದೆ ನಿಮ್ಮಂಥದೇ ಒಂದು ಮೀನಿನ ಪಿಕಪ್ ನನ್ನ ಹತ್ತಿರ ಬಂದಿತ್ತು. ಹಿಂದಿನ ಪಟ್ಟಾ (ಲೀಫ್ ಸ್ಪ್ರಿಂಗ್) ಕಡೆಯಿಂದ ಸದ್ದು ಬರುತ್ತದೆ ಅಂತ ತಂದಿದ್ದರು. ಅಡಿಯಲ್ಲಿ ನೋಡಿದರೆ ಚಾಸಿ ಕಪ್ಪಗೆ ಮಿರಮಿರ ಮಿಂಚುತ್ತಿತ್ತು, ಹೊಸ ಗಾಡಿಯ ಹಾಗೆ. ಎಂಟು ತಿಂಗಳ ಹಿಂದೆ ದುಡ್ಡು ಕೊಟ್ಟು ಟಾರ್ ಕೋಟಿಂಗ್ ಮಾಡಿಸಿದ್ದೆ ಅಂದರು. ಹಿಂದಿನ ಆಕ್ಸಲ್ ಮೇಲೆ ಚಾಸಿ ಬಾಗಿ ಏರುವ ಜಾಗದಲ್ಲಿ ಹೆಬ್ಬೆರಳಿಂದ ಒತ್ತಿ ನೋಡಿದೆ. ಕಬ್ಬಿಣ ಒತ್ತಿದರೆ ಒಳಗೆ ಹೋಗಬಾರದು ಅಲ್ವಾ, ಇದು ಹೋಯಿತು. ಸ್ಕ್ರೂಡ್ರೈವರ್ ತುದಿಯಿಂದ ಆ ಕಪ್ಪು ಪದರವನ್ನು ಎಬ್ಬಿಸಿದಾಗ ಒಳಗಿಂದ ಕಂದು ನೀರು ಹನಿಹನಿಯಾಗಿ ಇಳಿದು ನನ್ನ ಮಣಿಕಟ್ಟಿನ ಮೇಲೆ ಬಿತ್ತು. ಅದಕ್ಕೆ ಮೀನಿನ ವಾಸನೆ ಇತ್ತು. ಟಾರಿನ ಕೆಳಗೆ ಉಪ್ಪುನೀರು ಎಂಟು ತಿಂಗಳು ಹಾಗೇ ಕೂತು ಕಬ್ಬಿಣ ತಿಂದಿತ್ತು. ಇನ್ನೂ ಸ್ವಲ್ಪ ಕೆದಕಿದರೆ ಹಪ್ಪಳದ ಹಾಗೆ ಮುರಿಯಿತು. ಆ ಚಾಸಿ ಉಳಿಯಲಿಲ್ಲ. ಕೋಟಿಂಗ್ ಮಾಡಿಸದೆ ಬಿಟ್ಟಿದ್ದರೆ ತುಕ್ಕು ಕಣ್ಣಿಗಾದರೂ ಬೀಳುತ್ತಿತ್ತು, ಬೇಗ ಎಚ್ಚರಾಗುತ್ತಿದ್ದರು.

ತುಕ್ಕಿಗೆ ಬೇಕಾದ್ದು ಕಬ್ಬಿಣ, ನೀರು, ಗಾಳಿ. ಉಪ್ಪು ಸೇರಿದರೆ ಆ ನೀರಿನಲ್ಲಿ ಕರೆಂಟ್ ಸುಲಭವಾಗಿ ಹರಿಯುತ್ತದೆ, ತುಕ್ಕಿನ ಕೆಲಸ ಜೋರಾಗುತ್ತದೆ. ಕಡಲ ನೀರಿನಲ್ಲಿ ಲೀಟರಿಗೆ ಸುಮಾರು 35 ಗ್ರಾಂ ಉಪ್ಪು ಇರುತ್ತದೆ. ಕ್ರೇಟಿನಲ್ಲಿ ಐಸ್ ಕರಗಿ ಇಳಿಯುವ ನೀರು ಅಷ್ಟು ಉಪ್ಪಾಗಿ ಇಲ್ಲದಿದ್ದರೂ, ದಿನಾ ಅದೇ ಜಾಗಕ್ಕೆ ಬಿದ್ದು ಒಣಗಿ ಬಿದ್ದು ಒಣಗಿ ಉಪ್ಪು ಸೇರುತ್ತಾ ಹೋಗುತ್ತದೆ. ಇನ್ನೊಂದು ವಿಷಯ ತುಂಬ ಜನರಿಗೆ ಗೊತ್ತಿರುವುದಿಲ್ಲ. ಮಳೆಗಾಲದಲ್ಲಿ ಅಡುಗೆಮನೆಯ ಉಪ್ಪಿನ ಭರಣಿ ಮುಚ್ಚಿಟ್ಟರೂ ನೀರು ಬಿಟ್ಟುಕೊಳ್ಳುತ್ತದಲ್ಲ, ಚಾಸಿಯ ಮೇಲಿನ ಉಪ್ಪೂ ಅದನ್ನೇ ಮಾಡುತ್ತದೆ. ಗಾಳಿಯ ತೇವ ಶೇಕಡಾ 75 ದಾಟಿದರೆ ಉಪ್ಪು ತಾನಾಗಿಯೇ ಗಾಳಿಯಿಂದ ನೀರು ಹೀರಿ ಕರಗುತ್ತದೆ. ನಮ್ಮ ಕರಾವಳಿಯಲ್ಲಿ ಅದು ವರ್ಷದ ಬಹುಪಾಲು ರಾತ್ರಿಗಳ ಕಥೆ. ಗಾಡಿ ಒಂದು ಹನಿ ನೀರು ಕಾಣದೆ ಶೆಡ್ಡಿನಲ್ಲಿ ನಿಂತಿದ್ದರೂ ಚಾಸಿ ಒದ್ದೆಯಾಗಿಯೇ ಇರುತ್ತದೆ. ಇದರ ಮೇಲೆ ನೀವು ಘಟ್ಟ ಹತ್ತುತ್ತೀರಿ, ಮಲೆನಾಡಿನ ಕೆಂಪು ಕೆಸರು ಹೋಗಿ ಚಾನೆಲ್, ಅಂದರೆ ಚಾಸಿಯ ಉದ್ದನೆಯ ತೊಲೆಯ ಒಳಗೆ ಮೆತ್ತಿಕೊಳ್ಳುತ್ತದೆ. ಉಪ್ಪು ಕುಡಿದ ಆ ಕೆಸರು ಗಾಯಕ್ಕೆ ಕಟ್ಟಿದ ಒದ್ದೆ ಬಟ್ಟೆಯ ಹಾಗೆ ದಿನಗಟ್ಟಲೆ ಒಣಗುವುದೇ ಇಲ್ಲ.

ಈಗ ತಪಾಸಣೆ. ಒಂದು ಸಣ್ಣ ಸುತ್ತಿಗೆ, ಒಂದು ಹಳೇ ಸ್ಕ್ರೂಡ್ರೈವರ್ ಸಾಕು. ಚಾಸಿಯ ಉದ್ದಕ್ಕೂ ಮೆಲ್ಲಗೆ ಬಡಿಯುತ್ತಾ ಹೋಗಿ. ಗಟ್ಟಿ ಕಬ್ಬಿಣ ಟಣ್ ಅನ್ನುತ್ತದೆ, ತಿಂದುಹೋದ ಜಾಗ ದಬ್ ಅನ್ನುತ್ತದೆ. ಕಿವಿಗೆ ಎರಡು ನಿಮಿಷದಲ್ಲಿ ವ್ಯತ್ಯಾಸ ಸಿಕ್ಕಿಬಿಡುತ್ತದೆ. ಹೊರಗಿನ ಮುಖ ನೋಡಿ ಸಮಾಧಾನ ಮಾಡಿಕೊಳ್ಳಬೇಡಿ. ಇಂಗ್ಲಿಷಿನ ಸಿ ಅಕ್ಷರದ ಹಾಗಿರುವ ಚಾನೆಲ್‌ನ ಒಳಗಡೆ, ಕೆಳಗಿನ ಮಡಿಕೆಯಲ್ಲಿ ಕೈ ಹಾಕಿ ಕೆಸರು ಕೆರೆದು ನೋಡಿ. ನಾಲ್ಕು ಬದಿಯೂ ಮುಚ್ಚಿದ ಬಾಕ್ಸ್ ಭಾಗ ಇದ್ದರೆ ಕೆಳಗಿನ ತೂತುಗಳು ಕಟ್ಟಿಕೊಂಡಿವೆಯೇ ನೋಡಿ. ಅವು ನೀರು ಇಳಿಯಲಿ ಅಂತಲೇ ಕೊಟ್ಟ ತೂತುಗಳು. ಹಿಂದಿನ ಪಟ್ಟಾ ಹ್ಯಾಂಗರ್, ಅಡ್ಡ ಮೆಂಬರುಗಳು ಚಾಸಿಗೆ ಸೇರುವ ಮೂಲೆ, ಎರಡು ಪ್ಲೇಟು ಒಂದರ ಮೇಲೊಂದು ಕೂತ ಜಾಗ, ಇವೆಲ್ಲ ನೋಡಬೇಕು. ಎರಡು ಪ್ಲೇಟಿನ ನಡುವೆ ತುಕ್ಕು ಹುಟ್ಟಿದರೆ ಅದು ಉಬ್ಬಿ ಪ್ಲೇಟನ್ನೇ ದೂಡಿ ಬಾಯಿ ಬಿಡಿಸುತ್ತದೆ. ತುಕ್ಕು ಕಬ್ಬಿಣಕ್ಕಿಂತ ಹಲವು ಪಟ್ಟು ಜಾಗ ಹಿಡಿಯುತ್ತದೆ, ಅದಕ್ಕೇ. ಇದರಲ್ಲಿ ನಿಮಗೆ ಒಂದು ಸಮಾಧಾನವೂ ಇದೆ: ದಪ್ಪ ಪದರ ಕಿತ್ತು ಬಂದರೆ ಅಷ್ಟೂ ದಪ್ಪ ಕಬ್ಬಿಣ ಹೋಯಿತು ಅಂತಲ್ಲ. ಕೆರೆದು ನೋಡಿ, ಕೆಳಗೆ ಗಟ್ಟಿ ಕಬ್ಬಿಣ ಇನ್ನೂ ಇರಬಹುದು.

ತುಂಬ ಜನ ನೋಡದೆ ಬಿಡುವ ಜಾಗ ಬಾಡಿ ಮತ್ತು ಚಾಸಿಯ ನಡುವಿನದು. ಲೋಡ್ ಬಾಡಿಯನ್ನು ಮರದ ಪಟ್ಟಿ ಅಥವಾ ರಬ್ಬರ್ ಇಟ್ಟು ಯು ಬೋಲ್ಟ್ ಹಾಕಿ ಕೂರಿಸಿರುತ್ತಾರೆ. ಆ ಮರ ಮೀನಿನ ನೀರು ಕುಡಿದು ಚಾಸಿಯ ನೆತ್ತಿಯ ಮೇಲೆ ಕೂತಿರುತ್ತದೆ. ಬಾಡಿ ಎತ್ತಿಸುವ ಅವಕಾಶ ಇದ್ದರೆ ಈ ಸಲ ಎತ್ತಿಸಿಯೇ ಬಿಡಿ. ಅರ್ಧ ದಿನದ ಕೆಲಸ ಜಾಸ್ತಿಯಾಗುತ್ತದೆ ನಿಜ, ಆದರೆ ಮೀನಿನ ಗಾಡಿಗೆ ಅದಿಲ್ಲದೆ ಮಾಡಿದ ಕೆಲಸ ಅರ್ಧ ಕೆಲಸವೇ.

ಬ್ರೇಕ್ ಪೈಪುಗಳನ್ನು ಬೇರೆಯಾಗಿ ನೋಡಿ. ಚಾಸಿಯ ಉದ್ದಕ್ಕೆ ಹೋಗುವ ಸಣ್ಣ ಉಕ್ಕಿನ ಪೈಪು ಅದು, ಅದನ್ನು ಹಿಡಿದಿರುವ ಕ್ಲಿಪ್ಪಿನ ಹಿಂದೆ ತುಕ್ಕು ಹಿಡಿಯುತ್ತದೆ, ಹೊರಗಿಂದ ಕಾಣುವುದಿಲ್ಲ. ಕ್ಲಿಪ್ ಬಿಚ್ಚಿ ಒರೆಸಿ ನೋಡಿ. ಗುಳಿ ಬಿದ್ದಿದ್ದರೆ ಬಣ್ಣ ಹಚ್ಚುವ ಮಾತೇ ಬೇಡ, ಪೈಪ್ ಬದಲಾಯಿಸಿ. ಲೋಡ್ ಹಾಕಿಕೊಂಡು ಘಟ್ಟದಲ್ಲಿ ಓಡಾಡುವವರು ನೀವು. ತಿರುವಿನಲ್ಲಿ ಪೆಡಲ್ ಒತ್ತಿದಾಗ ಆ ಪೈಪ್ ಒಡೆದರೆ ಏನಾಗುತ್ತದೆ ಅಂತ ನಾನು ಹೇಳಬೇಕಿಲ್ಲ. ಸ್ಟೆಪ್ನಿ ನೇತುಹಾಕಿರುವ ಅಡ್ಡ ಮೆಂಬರನ್ನೂ ಬಡಿದು ನೋಡಿ. ಅಮೆರಿಕದಲ್ಲಿ ಹಿಮ ಕರಗಿಸಲು ರಸ್ತೆಗೆ ಉಪ್ಪು ಹಾಕುವ ರಾಜ್ಯಗಳಲ್ಲಿ ಟೊಯೋಟಾ ಟುಂಡ್ರಾ ಪಿಕಪ್‌ಗಳ ಹಿಂದಿನ ಅಡ್ಡ ಮೆಂಬರ್ ತುಕ್ಕು ಹಿಡಿದು ಸ್ಟೆಪ್ನಿ ರಸ್ತೆಗೆ ಬೀಳಬಹುದು ಅಂತ 2009ರಲ್ಲಿ ಕಂಪನಿ ಗಾಡಿಗಳನ್ನು ವಾಪಸ್ ಕರೆಸಿತ್ತು. ಆಮೇಲೆ ಟಕೋಮಾ, ಟುಂಡ್ರಾ, ಸಿಕ್ವೋಯಾ ಗಾಡಿಗಳ ಚಾಸಿ ತುಕ್ಕಿನ ಮೊಕದ್ದಮೆ 2016ರಲ್ಲಿ ರಾಜಿಯಾದಾಗ ಸುಮಾರು 15 ಲಕ್ಷ ಗಾಡಿಗಳು ಅದರಲ್ಲಿ ಸೇರಿದ್ದವು. ಅಷ್ಟು ದೊಡ್ಡ ಗಾಡಿಗಳನ್ನೇ ಉಪ್ಪು ಬಿಡಲಿಲ್ಲ, ಹಾಗಾಗಿ ನಿಮ್ಮ ಗಾಡಿ ಕಳಪೆ ಅಂತ ಬೇಸರ ಮಾಡಿಕೊಳ್ಳಬೇಡಿ.

ನೀರಿನ ದಾರಿ ಸರಿಮಾಡುವುದು ಮುಂದಿನ ಕೆಲಸ, ನನ್ನ ಪ್ರಕಾರ ಎಲ್ಲಕ್ಕಿಂತ ದೊಡ್ಡ ಕೆಲಸವೂ ಇದೇ. ಬಾಡಿಯ ಫ್ಲೋರಿನಲ್ಲಿರುವ ತೂತಿನಿಂದ ನೀರು ನೇರ ಚಾಸಿಯ ಮೇಲೆ ಬೀಳುತ್ತಿದ್ದರೆ, ಅಲ್ಲಿಗೆ ಪೈಪ್ ಕೂರಿಸಿ ಚಾಸಿಯ ಕೆಳಮಟ್ಟಕ್ಕಿಂತ ಕೆಳಗೆ ಇಳಿಸಿ. ರಸ್ತೆಗೆ ನೀರು ಬಿಡಬಾರದು ಅಂತ ಟ್ಯಾಂಕ್ ಕಟ್ಟಿಸಿದ್ದರೆ ಆ ಪೈಪ್ ಟ್ಯಾಂಕಿನ ಒಳಗೇ ಹೋಗಲಿ, ಟ್ಯಾಂಕ್ ತುಂಬಿ ಉಕ್ಕುವ ಬಾಯಿ ಚಾಸಿಯ ಕಡೆಗೆ ಇರಬಾರದು. ಫ್ಲೋರ್ ಶೀಟಿನ ಜಾಯಿಂಟುಗಳನ್ನು ಒಣಗಿಸಿ ಸೀಲೆಂಟ್ ತುಂಬಿಸಿ. ಹಿಂದಿನ ಡೋರಿನ ಕೆಳಗೆ ಶೀಟಿನ ಅಂಚನ್ನು ಕೆಳಕ್ಕೆ ಸ್ವಲ್ಪ ಮಡಿಸಿದರೆ ನೀರು ಅಲ್ಲೇ ತೊಟ್ಟಿಕ್ಕುತ್ತದೆ, ಅಡಿಗುಂಟ ಒಳಗೆ ಹರಿದು ಬರುವುದಿಲ್ಲ. ಇಷ್ಟು ಮಾಡಿದವರ ಗಾಡಿ, ಬಣ್ಣ ಸಾಧಾರಣವಾಗಿದ್ದರೂ, ದುಬಾರಿ ಕೋಟಿಂಗ್ ಮಾಡಿಸಿದವರ ಗಾಡಿಗಿಂತ ಜಾಸ್ತಿ ಬಾಳಿದ್ದನ್ನು ನಾನೇ ನೋಡಿದ್ದೇನೆ.

ತೊಳೆಯುವ ವಿಷಯಕ್ಕೆ ಬರೋಣ. ಮೀನು ಇಳಿಸಿದ ದಿನವೇ ತೊಳೆಯಬೇಕು, ಭಾನುವಾರಕ್ಕೆ ಇಡಬಾರದು. ಸಿಹಿನೀರೇ ಆಗಬೇಕು. ಬೇಸಿಗೆಯಲ್ಲಿ ಹೊಳೆಬದಿಯ ಎಷ್ಟೋ ಬಾವಿ, ಬೋರ್‌ವೆಲ್‌ಗಳ ನೀರು ಉಪ್ಪಾಗಿರುತ್ತದೆ, ಅದರಲ್ಲಿ ತೊಳೆದು ಪ್ರಯೋಜನವಿಲ್ಲ. ನಿಮಗೆ ಶಿವಮೊಗ್ಗದಲ್ಲಿ ಇಳಿಸಿದ ಮೇಲೆ ಅಲ್ಲೇ ತೊಳೆಯುವ ಅನುಕೂಲ ಇದ್ದರೆ ಅದೇ ಒಳ್ಳೆಯದು, ವಾಪಸ್ ಬರುವಾಗ ಗಾಳಿಗೆ ಅಡಿ ಒಣಗುತ್ತದೆ. ಪ್ರೆಷರ್ ಜಾಸ್ತಿ ಬೇಕು ಅಂತಿಲ್ಲ, ನೀರು ಜಾಸ್ತಿ ಬೇಕು. ಚಾನೆಲ್ ಒಳಗೆ ಪೈಪ್ ಹಿಡಿದು ಇಳಿಯುವ ನೀರು ತಿಳಿಯಾಗುವವರೆಗೂ ಬಿಡಿ. ಪ್ರೆಷರ್ ಗನ್ನನ್ನು ವೀಲ್ ಬೇರಿಂಗ್, ಜಾಯಿಂಟ್ ಕ್ರಾಸ್, ವೈರಿಂಗ್ ಕನೆಕ್ಟರ್‌ಗಳಿಗೆ ನೇರ ಹಿಡಿಯಬೇಡಿ. ವಾಟರ್ ಸರ್ವೀಸ್ ಆದಮೇಲೆ ಗ್ರೀಸ್ ಹೊಡೆಸುವುದನ್ನು ಮರೆಯಬೇಡಿ.

ಇನ್ನು ಟಾರ್, ಆಯಿಲ್, ಜಿಂಕ್ ಮೂರಕ್ಕೂ ಉತ್ತರ ಹೇಳುತ್ತೇನೆ.

ಟಾರ್ ಕೆಟ್ಟದ್ದು ಅಂತ ನಾನು ಹೇಳುವುದಿಲ್ಲ. ಹೊಸ ಗಾಡಿಯ ಶುದ್ಧ, ಒಣ, ಪೇಂಟ್ ಇರುವ ಕಬ್ಬಿಣದ ಮೇಲೆ ಅದು ಕಲ್ಲೇಟು ತಡೆಯುತ್ತದೆ. ಆದರೆ ತುಕ್ಕಿನ ಮೇಲೆ ಬಳಿದರೆ ಅದು ತುಕ್ಕಿಗೆ ಹೊದಿಸಿದ ಕಂಬಳಿ. ವರ್ಷ ಕಳೆದಂತೆ ಒಣಗಿ ಬಿರಿಯುತ್ತದೆ, ಬಿರುಕಿನಿಂದ ನೀರು ಒಳಗೆ ಹೋಗುತ್ತದೆ, ಹೊರಗೆ ಬರಲು ದಾರಿ ಇರುವುದಿಲ್ಲ. ನಿಮ್ಮ ಚಾಸಿ ಈಗಾಗಲೇ ಏಳುತ್ತಿರುವುದರಿಂದ ನಿಮಗೆ ಇದು ಬೇಡ.

ವೇಸ್ಟ್ ಆಯಿಲ್ ತುಕ್ಕನ್ನು ಸ್ವಲ್ಪ ತಡೆಯುತ್ತದೆ, ಅದು ಸುಳ್ಳಲ್ಲ. ಆದರೆ ಅದರ ಜಿಡ್ಡು ಪಟ್ಟಾ ಬುಷ್, ಬ್ರೇಕ್ ಹೋಸಿನಂಥ ರಬ್ಬರ್ ಸಾಮಾನುಗಳನ್ನು ಉಬ್ಬಿಸಿ ಹಾಳುಮಾಡುತ್ತದೆ, ಬ್ರೇಕ್ ಡ್ರಮ್ಮಿಗೆ ತಾಗಿದರೆ ಅಪಾಯ. ಎಂಜಿನ್ನಿನಲ್ಲಿ ಸುಟ್ಟು ಬಂದ ಆ ಆಯಿಲಿನಲ್ಲಿ ಆಮ್ಲ ಇರುತ್ತದೆ, ಲೋಹದ ಪುಡಿ ಇರುತ್ತದೆ, ಮೈಗೆ ತಾಗುತ್ತಿದ್ದರೆ ಚರ್ಮದ ಕ್ಯಾನ್ಸರಿಗೂ ಕಾರಣವಾಗಬಲ್ಲ ವಸ್ತುಗಳಿರುತ್ತವೆ. ಅಂಗಳದಲ್ಲಿ ನಿಲ್ಲಿಸಿದ ಗಾಡಿಯಿಂದ ತೊಟ್ಟಿಕ್ಕಿದ್ದು ಮಳೆಗೆ ಕೊಚ್ಚಿಕೊಂಡು ಬಾವಿಗೇ ಹೋಗುತ್ತದೆ. ಅದೂ ನೀವು ಸಾಗಿಸುವುದು ಜನ ತಿನ್ನುವ ಮೀನು. ದಯವಿಟ್ಟು ಬೇಡ.

ಜಿಂಕ್ ತುಂಡಿನ ವಿಷಯದಲ್ಲಿ ನಿಮ್ಮ ಸ್ನೇಹಿತರು ಬೋಟಿನ ಮಟ್ಟಿಗೆ ಹೇಳಿದ್ದು ನೂರಕ್ಕೆ ನೂರು ಸರಿ. ಸ್ಟೀಲ್ ಬೋಟಿನ ಅಡಿಗೆ ಜಿಂಕ್ ಕಟ್ಟಿದರೆ, ಕಬ್ಬಿಣದ ಬದಲು ಜಿಂಕ್ ತಾನು ಸವೆದು ಬೋಟನ್ನು ಕಾಯುತ್ತದೆ. ಆದರೆ ಅದು ನಡೆಯುವುದು ಜಿಂಕ್ ಮತ್ತು ಕಬ್ಬಿಣ ಎರಡೂ ಒಂದೇ ನೀರಿನಲ್ಲಿ ಮುಳುಗಿರುವಾಗ ಮಾತ್ರ. ಕರೆಂಟ್ ಹರಿಯಲು ಆ ನೀರೇ ದಾರಿ. ನಿಮ್ಮ ಪಿಕಪ್ ನೀರಿನಲ್ಲಿ ಮುಳುಗಿಲ್ಲ, ಅಲ್ಲೊಂದು ಇಲ್ಲೊಂದು ಜಾಗ ಒದ್ದೆಯಾಗಿರುತ್ತದೆ ಅಷ್ಟೇ. ಜಿಂಕ್ ತುಂಡು ಹೆಚ್ಚೆಂದರೆ ತನ್ನ ಪಕ್ಕದ ನಾಲ್ಕು ಬೆರಳು ಜಾಗ ಕಾಯಬಹುದು. ಬ್ಯಾಟರಿಗೆ ಜೋಡಿಸುವ ತುಕ್ಕು ನಿರೋಧಕ ಎಲೆಕ್ಟ್ರಾನಿಕ್ ಡಬ್ಬಿ ಅಂತ ಮಾರಲು ಬಂದರೂ ಇದೇ ಕಾರಣಕ್ಕೆ ತಗೊಳ್ಳಬೇಡಿ.

ಹಾಗಾದರೆ ಮಾಡಬೇಕಾದ್ದು ಏನು? ಕೆರೆಯುವುದು. ಏಳುತ್ತಿರುವ ಪದರವನ್ನು ಚಿಪ್ಪಿಂಗ್ ಸುತ್ತಿಗೆ, ಉಳಿ ಹಿಡಿದು ಮೊದಲು ಉದುರಿಸಿ, ಆಮೇಲೆ ಗ್ರೈಂಡರಿಗೆ ಕಪ್ ಬ್ರಶ್ ಹಾಕಿ. ಪದರ ಉದುರಿಸದೆ ನೇರ ಬ್ರಶ್ ಹಿಡಿದರೆ ತುಕ್ಕು ಪಾಲಿಶ್ ಆಗಿ ಮಿನುಗುತ್ತದೆ, ಕಬ್ಬಿಣ ಸಿಕ್ಕಿತು ಅಂತ ಕಣ್ಣಿಗೆ ಮೋಸವಾಗುತ್ತದೆ. ಬಾಡಿ ಎತ್ತಿಸಿದ್ದರೆ ಸ್ಯಾಂಡ್ ಬ್ಲಾಸ್ಟಿಂಗ್ ಮಾಡಿಸಿದರೆ ಎಲ್ಲಕ್ಕಿಂತ ಉತ್ತಮ. ಕನ್ನಡಕ, ಮಾಸ್ಕ್ ಇಲ್ಲದೆ ಯಾರನ್ನೂ ಈ ಕೆಲಸಕ್ಕೆ ಬಿಡಬೇಡಿ. ಒಂದು ಎಚ್ಚರಿಕೆ: ಚಾಸಿಯ ಮೇಲೆ ಗುದ್ದಿರುವ ಚಾಸಿ ನಂಬರ್ ಎಲ್ಲಿದೆ ಅಂತ ಮೊದಲೇ ಹುಡುಕಿ, ಆ ಜಾಗಕ್ಕೆ ಟೇಪ್ ಅಂಟಿಸಿ, ಅಲ್ಲಿಗೆ ಗ್ರೈಂಡರ್ ತಾಗಬಾರದು. ಅಳಿಸಿಹೋದರೆ ಫಿಟ್ನೆಸ್‌ಗೆ ಹೋದಾಗ ಆರ್‌ಟಿಒದಲ್ಲಿ ದೊಡ್ಡ ತಲೆನೋವು. ಎಂಟು ವರ್ಷ ದಾಟಿದ ಗಾಡಿಗೆ ವರ್ಷವರ್ಷವೂ ಫಿಟ್ನೆಸ್ ಬೇಕು. ಅಲ್ಲಿ ಕೈಯಿಂದ ಮೆತ್ತಗೆ ಉಜ್ಜಿ ತೆಳುವಾಗಿ ಗ್ರೀಸ್ ಹಚ್ಚಿಟ್ಟರೆ ಸಾಕು.

ಕೆರೆದ ಮೇಲೆ ಮತ್ತೆ ಸಿಹಿನೀರಿನಲ್ಲಿ ತೊಳೆಯಿರಿ. ಕೆರೆದದ್ದನ್ನು ಮತ್ತೆ ಒದ್ದೆ ಮಾಡುವುದಾ ಅಂತ ಪೇಂಟರ್ ಕೇಳಬಹುದು. ಗುಳಿಗಳ ತಳದಲ್ಲಿ ಉಪ್ಪು ಕೂತಿರುತ್ತದೆ, ಅದು ತೊಳೆದೇ ಹೋಗಬೇಕು. ತೊಳೆದು ಒಣಗಿಸಿ ಒಂದು ರಾತ್ರಿ ಬಿಟ್ಟು ನೋಡಿ. ಬೆಳಿಗ್ಗೆ ಗುಳಿಗಳಲ್ಲಿ ಮಾತ್ರ ಹೊಸ ತುಕ್ಕಿನ ಕಪ್ಪು ಒದ್ದೆ ಚುಕ್ಕೆ ಕಂಡರೆ ಉಪ್ಪು ಇನ್ನೂ ಇದೆ ಅಂತ ಅರ್ಥ, ಇನ್ನೊಮ್ಮೆ ಉಜ್ಜಿ ತೊಳೆಯಿರಿ. ಈ ಒಂದು ರಾತ್ರಿ ಕಾಯಲು ಯಾರೂ ಒಪ್ಪುವುದಿಲ್ಲ, ಕಾದವರ ಬಣ್ಣ ನಿಲ್ಲುತ್ತದೆ.

ಬ್ರಶ್ ಹೋಗದ ಮೂಲೆಗಳಲ್ಲಿ ಗಟ್ಟಿಯಾಗಿ ಕಚ್ಚಿಕೊಂಡ ತೆಳು ತುಕ್ಕಿಗೆ ರಸ್ಟ್ ಕನ್ವರ್ಟರ್ ಹಚ್ಚಬಹುದು. ಫಾಸ್ಫಾರಿಕ್ ಆಮ್ಲ ಅಥವಾ ಟ್ಯಾನಿಕ್ ಆಮ್ಲದ್ದು ಬರುತ್ತದೆ, ತುಕ್ಕನ್ನು ಕಪ್ಪಗಿನ ಗಟ್ಟಿ ಪದರ ಮಾಡುತ್ತದೆ. ಏಳುತ್ತಿರುವ ದಪ್ಪ ಪದರದ ಮೇಲೆ ಹಚ್ಚಿದರೆ ವ್ಯರ್ಥ. ಆಮೇಲೆ ಎರಡು ಡಬ್ಬಿ ಬೆರೆಸಿ ಹಚ್ಚುವ ಎಪಾಕ್ಸಿ ಪ್ರೈಮರ್ ಎರಡು ಕೋಟ್, ಅದರ ಮೇಲೆ ಚಾಸಿ ಬ್ಲ್ಯಾಕ್ ಅನ್ನುವ ಕಪ್ಪು ಪೇಂಟ್. ಮಾಮೂಲಿ ರೆಡ್ ಆಕ್ಸೈಡ್ ಒಂದನ್ನೇ ಬಳಿದು ಬಿಡಬೇಡಿ, ಮೇಲೆ ಪೇಂಟ್ ಇಲ್ಲದಿದ್ದರೆ ಅದು ನೀರು ಕುಡಿಯುತ್ತದೆ, ನಮ್ಮ ಒಂದು ಮಳೆಗಾಲವೂ ತಡೆಯುವುದಿಲ್ಲ. ಜಿಂಕ್ ರಿಚ್ ಪ್ರೈಮರ್ (ಜಿಂಕ್ ಪುಡಿ ತುಂಬಿದ ಪ್ರೈಮರ್) ಹಾಕುವುದಾದರೆ ಬ್ಲಾಸ್ಟಿಂಗ್ ಆದ ಬರೀ ಕಬ್ಬಿಣದ ಮೇಲೆ ಮಾತ್ರ. ತುಕ್ಕಿನ ಮೇಲೆ, ಹಳೇ ಪೇಂಟಿನ ಮೇಲೆ ಹಾಕಿದರೆ ಜಿಂಕಿಗೆ ಕಬ್ಬಿಣ ತಾಗುವುದೇ ಇಲ್ಲ. ಸ್ಪ್ರೇ ಮಾಡುವ ಮೊದಲು ಅಂಚು, ವೆಲ್ಡಿಂಗ್, ಬೋಲ್ಟ್ ತಲೆಗಳಿಗೆ ಬ್ರಶ್‌ನಿಂದ ಒಂದು ಕೈ ಹಚ್ಚಿಸಿ. ಅಂಚಿನಲ್ಲಿ ಪೇಂಟ್ ತೆಳುವಾಗಿ ನಿಲ್ಲುತ್ತದೆ, ತುಕ್ಕು ಶುರುವಾಗುವುದೂ ಅಲ್ಲಿಂದಲೇ.

ಈ ಕೆಲಸಕ್ಕೆ ಕಾಲ ಏಪ್ರಿಲ್, ಮೇ. ಗಾಳಿಯ ತೇವ ಶೇಕಡಾ 85 ದಾಟಿದಾಗ ಪೇಂಟ್ ಮಾಡಬಾರದು. ಹಾಗಾಗಿ ಬೆಳಿಗ್ಗೆ ಹತ್ತರ ಮೇಲೆ ಶುರುಮಾಡಿ ಸಂಜೆ ನಾಲ್ಕರೊಳಗೆ ಮುಗಿಸಿ. ಜೂನ್ ಹಿಡಿದರೆ ಪೇಂಟ್ ಬಿಟ್ಟುಬಿಡಿ, ತೊಳೆದು ಒಣಗಿಸಿ ಮೇಣದ ಕೋಟ್ ಹೊಡೆಸಿ ಮುಂದಿನ ಬೇಸಿಗೆಗೆ ಕಾಯಿರಿ.

ಆ ಮೇಣದ ವಿಷಯ ಕೊನೆಯದು. ಬಾಕ್ಸ್ ಭಾಗಗಳ ಒಳಗೆ, ಪ್ಲೇಟುಗಳ ಸಂದಿಗೆ ಯಾವ ಪೇಂಟೂ ಹೋಗುವುದಿಲ್ಲ. ಅಲ್ಲಿಗೆ ಕ್ಯಾವಿಟಿ ವ್ಯಾಕ್ಸ್ ಅಥವಾ ಲ್ಯಾನೋಲಿನ್ ಬೇಕು. ಲ್ಯಾನೋಲಿನ್ ಅಂದರೆ ಕುರಿಯ ಉಣ್ಣೆಯಿಂದ ತೆಗೆದ ಜಿಡ್ಡು. ಉದ್ದ ಟ್ಯೂಬಿನ ತುದಿಯಲ್ಲಿ ಸುತ್ತಲೂ ಹಾರುವ ನಾಝಲ್ ಇರುತ್ತದೆ, ಅದನ್ನು ತೂತಿನಿಂದ ಒಳಗೆ ಕೊನೆಯವರೆಗೆ ತೂರಿಸಿ, ನಿಧಾನಕ್ಕೆ ಹಿಂದಕ್ಕೆ ಎಳೆಯುತ್ತಾ ಹೊಡೆಯಬೇಕು. ಬಿಸಿಲಲ್ಲಿ ನಿಂತು ಕಾದ ಗಾಡಿಗೆ ಹೊಡೆದರೆ ಅದು ಹರಿದು ಸಂದಿಗೆಲ್ಲ ಇಳಿಯುತ್ತದೆ. ಆಮೇಲೆ ಕೆಳಗಿನ ತೂತುಗಳಿಗೆ ಒಂದು ಕಡ್ಡಿ ಹಾಕಿ ತೆರೆದಿವೆಯೇ ನೋಡಿ. ಇದು ಗಟ್ಟಿಯಾಗಿ ಕೂರುವ ವಸ್ತುವಲ್ಲ, ವರ್ಷಕ್ಕೊಮ್ಮೆ ಮತ್ತೆ ಹೊಡೆಯಬೇಕು.

ತೂತು ಬಿದ್ದಿದ್ದರೆ ಮಾತ್ರ ಬೇರೆ ಮಾತು. ಪಟ್ಟಾ ಹ್ಯಾಂಗರ್ ಹತ್ತಿರ ಅಥವಾ ಚಾಸಿಯ ಮೇಲಿನ, ಕೆಳಗಿನ ಮಡಿಕೆಯಲ್ಲಿ ಸ್ಕ್ರೂಡ್ರೈವರ್ ಒಳಗೆ ಹೋದರೆ, ಮೇಲೊಂದು ಪ್ಲೇಟ್ ಇಟ್ಟು ಸುಮ್ನೆ ವೆಲ್ಡ್ ಮಾಡಿಸಬೇಡಿ. ವೆಲ್ಡಿಂಗಿನ ಬಿಸಿಗೆ ಹಿಂಬದಿಯ ಪೇಂಟ್ ಸುಟ್ಟು ಅಲ್ಲಿಂದ ಹೊಸ ತುಕ್ಕು, ಪ್ಲೇಟಿನ ಸಂದಿಯಲ್ಲಿ ಇನ್ನಷ್ಟು ನೀರು. ಕೆಟ್ಟ ಭಾಗವನ್ನು ಪೂರ್ತಿ ಕತ್ತರಿಸಿ ತೆಗೆದು, ಚಾಸಿ ಕೆಲಸ ಬಲ್ಲವರಿಂದ ಮಾಡಿಸಬೇಕು, ಅಲ್ಲಿಯವರೆಗೆ ಲೋಡ್ ಹಾಕಿ ಘಟ್ಟ ಹತ್ತಬೇಡಿ.

ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಬೋಟುಗಳಿಗೆ ರಜೆ, ನಿಮ್ಮ ಗಾಡಿಗೂ ಕೆಲಸ ಕಡಿಮೆ. ಆ 61 ದಿನ ಗಾಡಿ ನಿಲ್ಲುವುದೇ ಆದರೆ ಉಪ್ಪು ಹೊತ್ತುಕೊಂಡು ನಿಲ್ಲಬಾರದು, ಕೊನೆಯ ಟ್ರಿಪ್ಪಿನ ಮರುದಿನವೇ ಅಡಿ ಪೂರ್ತಿ ತೊಳೆದು ಓಡಿಸಿ ಒಣಗಿಸಿ. ಹುಲ್ಲಿನ ಮೇಲೆ ನಿಲ್ಲಿಸಬೇಡಿ, ನೆಲದವರೆಗೆ ಟಾರ್ಪಾಲ್ ಎಳೆದು ಮುಚ್ಚಬೇಡಿ, ಕಾಂಕ್ರೀಟ್ ಅಥವಾ ಕಲ್ಲು ಹಾಸಿದ ನೆಲದಲ್ಲಿ ಮಾಡಿನ ಕೆಳಗೆ, ಅಡಿಯಲ್ಲಿ ಗಾಳಿ ಆಡುವ ಹಾಗೆ ಇರಲಿ. ಈಗ ಬಡಿದು ನೋಡಿದಾಗ ಎಲ್ಲೆಲ್ಲಿ ದಬ್ ಅಂದಿತೋ ಅಲ್ಲಿ ಚಾಕ್‌ಪೀಸಿನಿಂದ ಗುರುತು ಹಾಕಿ ಮೊಬೈಲಿನಲ್ಲಿ ಫೋಟೋ ತೆಗೆದಿಟ್ಟುಕೊಳ್ಳಿ. ಆಗಸ್ಟಿನಲ್ಲಿ ಬೋಟುಗಳು ಕಡಲಿಗೆ ಇಳಿಯುವ ಮೊದಲು ಅದೇ ಜಾಗಗಳಲ್ಲಿ ಇನ್ನೊಮ್ಮೆ ಬಡಿದು ನೋಡಿ. ಹ್ಯಾಂಗರಿನ ಸುತ್ತ ಸದ್ದು ಬದಲಾಗಿದ್ದರೆ ಫೋಟೋ ಸಮೇತ ಬರೆಯಿರಿ, ಅದಕ್ಕೆ ಏನು ಮಾಡಬಹುದು ಅಂತ ಬೇರೆಯಾಗಿಯೇ ಹೇಳುತ್ತೇನೆ.